ಕೋಳಿ ಎದ್ದು ನಿಂತವು, ಮೊಟ್ಟೆ ಎಲ್ಲಿಗೆ ಹೋದವು?

ಗುಬ್ಬಿ ಊರಿನ ಕೋಳಿಗಳ ಕಥೆಯನ್ನು ನೀವು ಕೇಳಿರುತ್ತೀರಿ. ಕೋಳಿ ಡಾಕ್ಟರಿಕೆಯ ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ತರಬೇತಿಯ ಮೊದಲ ವಾರದಲ್ಲೇ ಅದನ್ನು ಹೇಳುತ್ತಾರೆ. ಒಬ್ಬ ಹೆಂಗಸಿನ ನಾಟಿ ಕೋಳಿಗಳಿಗೆ ಸೀಸದ ವಿಷ ಏರಿತ್ತು. ರೆಕ್ಕೆ ಜೋತು ಬಿದ್ದಿದ್ದವು, ಹಿಕ್ಕೆ ಹಸಿರು ನೀರಾಗಿತ್ತು, ಮೊಟ್ಟೆ ನಿಂತೇ ಹೋಗಿತ್ತು. ನಮ್ಮ ಕಂಪನಿಯ ಆಫೀಸರ್ ಒಬ್ಬಳು ಹೋಗಿ ನೆಲ್ಲಿಕಾಯಿ, ಅರಿಶಿನ, ನುಗ್ಗೆಸೊಪ್ಪಿನ ಪುಡಿಗೆ ವಿಟಮಿನ್ ಇ ಮತ್ತು ಒಂದಿಷ್ಟು ಸೆಲೆನಿಯಂ ಅನ್ನುವ ಖನಿಜ ಬೆರೆಸಿ ಮೇವಿಗೆ ಹಾಕಿಸಿದಳು. ಮೂರು ವಾರದಲ್ಲಿ ಕೋಳಿಗಳು ಎದ್ದು ನಿಂತವು. ಮೊದಲ ಫೋಟೋದಲ್ಲಿ ಮುದುಡಿ ಕೂತ ಕೋಳಿ, ಎರಡನೆಯದರಲ್ಲಿ ಮೊಟ್ಟೆ ತುಂಬಿದ ಟ್ರೇ ಹಿಡಿದು ನಗುವ ಹೆಂಗಸು. ಚಪ್ಪಾಳೆ. ಆಮೇಲೆ ಟೀ.

ಆ ಆಫೀಸರ್ ನಾನು. ಕಥೆಯ ಒಂದೊಂದು ವಾಕ್ಯವೂ ನಿಜ. ಪುಡಿ ಕೆಲಸ ಮಾಡಲಿಲ್ಲ ಅಂತ ನಾನು ಹೇಳಲು ಬಂದಿಲ್ಲ. ಪುಡಿ ಚೆನ್ನಾಗಿಯೇ ಕೆಲಸ ಮಾಡಿತು, ತೊಂದರೆ ಶುರುವಾದದ್ದೇ ಅಲ್ಲಿಂದ. ನನ್ನ ತಕರಾರು, ಕಥೆ ಆ ಎರಡನೇ ಫೋಟೋಗೆ ಬಂದು ಯಾಕೆ ನಿಲ್ಲುತ್ತೆ ಅನ್ನುವುದು.

ನಿವೃತ್ತಿಯಾಗಿದೆ ಅಂದರೆ ಜನ ನನ್ನ ಮುಖ ನೋಡಿ ನಗುತ್ತಾರೆ. ನನಗಿನ್ನೂ ಮೂವತ್ತಾರು. ಹನ್ನೊಂದು ವರ್ಷ ಕೋಳಿ ಶೆಡ್ಡುಗಳಲ್ಲಿ ಪುಕ್ಕದ ಧೂಳು, ಹಿಕ್ಕೆಯ ಧೂಳು ಉಸಿರಾಡಿ ಶ್ವಾಸಕೋಶ ಹಟ ಹಿಡಿದು ಕೂತಿದೆ. ತುಮಕೂರಿನ ಎದೆ ಡಾಕ್ಟರು, "ಇನ್ನೊಂದು ಸಲ ಶೆಡ್ಡಿಗೆ ಕಾಲಿಟ್ರೆ ನನ್ನ ಹತ್ರ ಬರಬೇಡಿ" ಅಂದರು. ಮಾಸ್ಕ್ ಹಾಕ್ಕೋತೀನಿ, ವಾರಕ್ಕೆರಡೇ ದಿನ ಹೋಗ್ತೀನಿ, ಎಲ್ಲರಿಗೂ ಹೀಗೇ ಆಗುತ್ತಾ ಅಂತ ಅರ್ಧ ಗಂಟೆ ವಾದ ಮಾಡಿದೆ. ಅವರು ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದರು. ಸೋತೆ.

ವಾದ ನನಗೆ ಚಟ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಮನೆ ತುಂಬ ತಂದಿಟ್ಟವಳು. ಅಲ್ಲಿ ಪರವೋ ವಿರೋಧವೋ ಅನ್ನುವುದನ್ನು ಚೀಟಿ ಎತ್ತಿ ಹೇಳುತ್ತಾರೆ, ಬಂದ ಪಕ್ಷ ಹಿಡಿದು ಗೆಲ್ಲಬೇಕು. ಹಾಗಾಗಿ ಎರಡು ಬುದ್ಧಿ ಬಂದಿವೆ. ಒಂದು ಒಳ್ಳೆಯದು: ಎದುರಿನವರು ಏನು ಹೇಳಿದರು ಅನ್ನುವುದಕ್ಕಿಂತ ಏನು ಹೇಳದೆ ಬಿಟ್ಟರು ಅಂತ ಹುಡುಕುವುದು. ಇನ್ನೊಂದು ಕೆಟ್ಟದ್ದು: ಗೆದ್ದರೆ ಸರಿ ಇದ್ದೇನೆ ಅಂದುಕೊಳ್ಳುವುದು. ಕೆಟ್ಟ ಬುದ್ಧಿ ಮೊದಲು ಕೆಲಸಕ್ಕೆ ಬಂತು, ಕುಣಿಗಲ್ಲಿನಲ್ಲಿ.

ಕುಣಿಗಲ್ ದಾಟಿ ಯಡಿಯೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ರಂಗಸ್ವಾಮಿ ಅನ್ನುವವರು ಮೊಟ್ಟೆ ಕಾವು ಕೊಡಿಸಿ ಮರಿ ಮಾಡಿ ಮಾರುತ್ತಿದ್ದರು. ಆಗ ನಾನು ಸೇರಿ ನಾಲ್ಕು ತಿಂಗಳು. ಅವರ ಕೋಳಿಗಳು ಬಿಸಿಲಿಗೆ ಸೊರಗಿದ್ದವು. ನಾನು ಬ್ಯಾಗಿನಿಂದ ವಿಟಮಿನ್ ಇ, ಸೆಲೆನಿಯಂ ಇರುವ ಡಬ್ಬ ತೆಗೆದೆ.

"ಅಲ್ಲ ಮೇಡಂ, ಮೇವಿನ ಜೊತೆ ಬರೋ ಮಿನರಲ್ ಪುಡೀಲೇ ಇದು ಇರ್ತದಂತೆ ಕಣಮ್ಮ. ಮತ್ತೆ ಯಾಕೆ?" ಅಂದರು.

"ಅಣ್ಣ, ಅದು ಸಾಲಲ್ಲ. ಬಿಸಿಲಿಗೆ ಜಾಸ್ತಿ ಬೇಕು. ಒಳ್ಳೆ ಪದಾರ್ಥ ಜಾಸ್ತಿ ಆದ್ರೆ ಏನು ನಷ್ಟ?"

"ಉಪ್ಪೂ ಒಳ್ಳೆ ಪದಾರ್ಥನೇ" ಅಂದರು ರಂಗಸ್ವಾಮಿ.

ಅವರ ಮೇವಿನ ಚೀಲದ ಮೇಲಿನ ಚೀಟಿ ಓದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಓದಲಿಲ್ಲ. ಒಂದೇ ಸಮನೆ ಹತ್ತು ಕಾರಣ ಕೊಟ್ಟೆ, ಅವರು ಸುಸ್ತಾಗಿ ಡಬ್ಬ ತೆಗೆದುಕೊಂಡರು. ಆ ಸಲ ಕಾವಿಗಿಟ್ಟ ಮೊಟ್ಟೆಗಳಲ್ಲಿ ಅರ್ಧಕ್ಕರ್ಧ ಒಡೆಯಲಿಲ್ಲ. ಒಡೆದವುಗಳಲ್ಲಿ ಕೆಲವು ಮರಿಗಳ ಕೊಕ್ಕು ಸೊಟ್ಟ, ಕೆಲವಕ್ಕೆ ಕಣ್ಣೇ ಇಲ್ಲ. ಸೆಲೆನಿಯಂ ಹಾಗೇ. ಬೇಕಾದಷ್ಟಕ್ಕೂ ವಿಷವಾಗುವಷ್ಟಕ್ಕೂ ನಡುವೆ ಇರುವ ಜಾಗ ಬಹಳ ಕಿರಿದು.

ನಮ್ಮ ಮೇಲಧಿಕಾರಿ ಗಂಗಾಧರಯ್ಯ ಸರ್ ಸತ್ತ ಮರಿಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. "ಏನಮ್ಮ ಡಿಬೇಟು, ಗೆದ್ದಂತೆ ಕುಣಿಗಲ್ಲಲ್ಲಿ? ಕಪ್ ತಗೋ" ಅಂದರು. ಅವತ್ತಿನಿಂದ ನನ್ನ ಹೆಸರು ಡಿಬೇಟು.

ಸರ್ ಬಗ್ಗೆ ಈಗಲೇ ಹೇಳಿಬಿಡುತ್ತೇನೆ, ಮುಂದೆ ಓದಿ ಅವರು ಕೆಟ್ಟವರು ಅಂದುಕೊಳ್ಳಬೇಡಿ. ಸತ್ತ ಕೋಳಿಯನ್ನು ಎಲ್ಲಿಂದ ಕೊಯ್ಯಬೇಕು, ಪಿತ್ತಜನಕಾಂಗದ ಬಣ್ಣ ಹೇಗೆ ನೋಡಬೇಕು, ಶೆಡ್ಡಿಗೆ ಹೋದರೆ ಮೊದಲು ಸುಮ್ಮನೆ ನಿಂತು ಹೇಗೆ ಕೇಳಿಸಿಕೊಳ್ಳಬೇಕು, ಎಲ್ಲ ಅವರೇ ಕಲಿಸಿದ್ದು. ರಂಗಸ್ವಾಮಿಯವರ ಮನೆಗೆ ನನ್ನ ಜೊತೆ ಬಂದು, ನಾನು ಬಾಯಿ ತೆರೆಯುವ ಮುಂಚೆ ತಾವೇ ಕ್ಷಮೆ ಕೇಳಿದವರು. ಆದರೆ ಅವರಿಗೊಂದು ಸೂತ್ರ ಇತ್ತು: "ಮೊದ್ಲು ಕೋಳಿ ಎಬ್ಸು, ಕಾರಣ ಆಮೇಲೆ." ತುರ್ತಿನಲ್ಲಿ ಅದು ಒಳ್ಳೆಯ ಸೂತ್ರವೇ. ಆ ಆಮೇಲೆ ಅನ್ನುವುದು ಯಾವತ್ತು ಬರುತ್ತೆ ಅಂತ ಮಾತ್ರ ಅದರಲ್ಲಿ ಬರೆದಿಲ್ಲ.

ಈಗ ಗುಬ್ಬಿ.

ಶಮೀಮಕ್ಕನ ಮನೆ ಊರ ಅಂಚಿನಲ್ಲಿ. ಹಿತ್ತಲಿನಲ್ಲಿ ಇನ್ನೂರ ನಲವತ್ತು ನಾಟಿ ಕೋಳಿ. ಅವರ ಮೊಟ್ಟೆಗೆ ಸುತ್ತಮುತ್ತ ಒಳ್ಳೆ ಹೆಸರು. ಬಾಣಂತಿ ಇರುವ ಮನೆ, ಅನ್ನ ತಿನ್ನಲು ಶುರು ಮಾಡಿದ ಮಗು ಇರುವ ಮನೆ, ಇಂಥವರೇ ಹುಡುಕಿಕೊಂಡು ಬರುತ್ತಿದ್ದರು. ಮನೆಯಲ್ಲಿ ಅವರ ಮೈದುನ ನಯಾಜ್ ಮತ್ತು ಹೆರಿಗೆಗೆ ತವರಿಗೆ ಬಂದಿದ್ದ ಮಗಳು ರುಬೀನಾ. ಅವಳಿಗೆ ಆಗ ಐದು ತಿಂಗಳು ತುಂಬಿತ್ತು. ನಯಾಜ್ ದಿನಾ ಬೈಕಿನಲ್ಲಿ ತುಮಕೂರಿನ ಅಂತರಸನಹಳ್ಳಿಗೆ ಹೋಗಿ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದ. ಏನು ಕೆಲಸ ಅಂತ ನಾನು ಕೇಳಲಿಲ್ಲ. ಇದು ನನ್ನ ಎರಡನೇ ತಪ್ಪು, ಕುಣಿಗಲ್ಲಿನದಕ್ಕಿಂತ ದೊಡ್ಡದು.

ಮೊದಲ ದಿನ ಹೋದಾಗ ಶಮೀಮಕ್ಕ ಒಂದು ಕೆಂಪು ಕೋಳಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. "ಬನ್ನಿ ಮೇಡಂ, ನೋಡಿ ಇವ್ಳ ಗತಿ. ಹೋದ್ ವಾರ ನನ್ ಕಾಲು ಕುಕ್ಕಿ ರಕ್ತ ತೆಗೆದೋಳು, ಇವತ್ತು ಕಣ್ಣೇ ಬಿಡ್ತಾ ಇಲ್ಲ. ಕುಕ್ಕೇ ಒಂದ್ಸಲ ಅಂದ್ರೂ ಕುಕ್ತಿಲ್ಲ."

ಲಸಿಕೆ ಎಲ್ಲ ಸರಿಯಾಗಿ ಆಗಿತ್ತು. ರೋಗ ಅನ್ನಿಸಲಿಲ್ಲ, ಏನೋ ವಿಷ ಅನ್ನಿಸಿತು. ಅವತ್ತೇ ಸತ್ತಿದ್ದ ಒಂದು ಕೋಳಿಯ ಪಿತ್ತಜನಕಾಂಗ ತೆಗೆದು ಬೆಂಗಳೂರಿನ ಲ್ಯಾಬಿಗೆ ಕಳಿಸಿ, ಸರ್‌ಗೆ ಫೋನ್ ಮಾಡಿದೆ. ಸರ್ ಸೂತ್ರ ಹೇಳಿದರು. "ರಿಪೋರ್ಟ್ ಬರೋ ಹೊತ್ಗೆ ಕೋಳಿ ಮಣ್ಣಲ್ಲಿರ್ತವೆ. ಪುಡಿ ಶುರು ಮಾಡು. ಸೆಲೆನಿಯಂ ಮಾತ್ರ ಲೆಕ್ಕ ನೋಡ್ಕೊಂಡು ಹಾಕಮ್ಮ, ಇಲ್ಲೂ ಕಪ್ ಗೆಲ್ಬೇಡ."

ಈ ಸಲ ಮೇವಿನ ಚೀಟಿ ಮೂರು ಸಲ ಓದಿ ತೂಕ ಹಾಕಿದೆ. ಪುಡಿ ಏನು ಮಾಡುತ್ತೆ ಅಂತ ಹೊಸಬರಿಗೆ ಸರಳವಾಗಿ ಹೇಳುತ್ತೇನೆ. ಸೀಸದಂಥ ಲೋಹ ಮೈಗೆ ಸೇರಿದರೆ ಜೀವಕೋಶಗಳಿಗೆ ಒಂಥರಾ ತುಕ್ಕು ಹಿಡಿಸುತ್ತೆ ಅಂದುಕೊಳ್ಳಿ. ಪಿತ್ತಜನಕಾಂಗ, ಮೂತ್ರಪಿಂಡ, ರಕ್ತ, ಎಲ್ಲಕ್ಕೂ. ಆಂಟಿಆಕ್ಸಿಡೆಂಟ್‌ಗಳು ಆ ತುಕ್ಕನ್ನು ತಡೆಯುತ್ತವೆ. ನೆಲ್ಲಿಕಾಯಿ, ಅರಿಶಿನ, ವಿಟಮಿನ್ ಇ ಎಲ್ಲ ಆ ಕೆಲಸಕ್ಕೇ. ತುಕ್ಕು ತಡೆಯುವುದು ಒಂದು ಕೆಲಸ, ಸೀಸವನ್ನೇ ಹೊರಗೆ ಹಾಕುವುದು ಬೇರೆ ಕೆಲಸ. ಇವೆರಡೂ ಒಂದೇ ಅಂತ ಪುಡಿಯ ಡಬ್ಬದ ಮೇಲೆ ಯಾರೂ ಬರೆದಿಲ್ಲ, ನಾವೇ ಅಂದುಕೊಂಡೆವು.

ಎಂಟನೇ ದಿನಕ್ಕೆ ಆ ಕೆಂಪು ಕೋಳಿ ಶಮೀಮಕ್ಕನ ಕಾಲು ಕುಕ್ಕಿತು. ಅವರು ಫೋನ್ ಮಾಡಿ ಕಿರುಚಿದರು: "ಕುಕ್ಕುದ್ಲು ಮೇಡಂ! ರಕ್ತ ಬಂತು!" ಹಿಂದಿನಿಂದ ರುಬೀನಾ ನಗುವುದು ಕೇಳಿಸುತ್ತಿತ್ತು. ಹದಿನೈದನೇ ದಿನಕ್ಕೆ ಮೊಟ್ಟೆ ಶುರು. ಇಪ್ಪತ್ತೆರಡನೇ ದಿನ ಗಂಗಾಧರಯ್ಯ ಸರ್ ತಾವೇ ಕಾರಿನಲ್ಲಿ ಬಂದರು. ಒಂದು ಮೊಟ್ಟೆ ತಟ್ಟೆಗೆ ಒಡೆದು ನೋಡಿದರೆ ಹಳದಿ ಭಾಗ ಕೇಸರಿಯಷ್ಟು ಗಾಢ. ಅದು ನುಗ್ಗೆಸೊಪ್ಪಿನ ಬಣ್ಣ. ಸರ್ ಕಣ್ಣರಳಿಸಿ, "ನೋಡಮ್ಮ ಡಿಬೇಟು, ಇದಕ್ಕೇನಂತೀಯ? ಎದುರು ಮಾತಾಡು ನೋಡೋಣ" ಅಂದರು. ಆ ಎರಡನೇ ಫೋಟೋ ತೆಗೆದದ್ದು ನಾನೇ. ಬಾಗಿಲ ಹಿಂದೆ ದುಪಟ್ಟಾ ಅಡ್ಡ ಹಿಡಿದು ನಿಂತ ರುಬೀನಾ ಅದರಲ್ಲಿ ಅರ್ಧ ಕಾಣುತ್ತಾಳೆ.

"ಇವ್ಳಿಗೆ ದಿನಾ ಎರಡು ಕೊಡ್ತೀನಿ" ಅಂದರು ಶಮೀಮಕ್ಕ. "ಹಳದಿ ಜಾಸ್ತಿ ಇರೋದು ನೋಡಿ ಆರಿಸಿ."

ಬಂದವರನ್ನು ಬರಿಗೈಯಲ್ಲಿ ಕಳಿಸದ ನಮ್ಮ ಕಡೆಯ ರೂಢಿಯಂತೆ, ಹೊರಡುವಾಗ ಶಮೀಮಕ್ಕ ಫೋಟೋದಲ್ಲಿದ್ದ ಆ ಟ್ರೇಯನ್ನೇ ಸರ್ ಅವರ ಕಾರಿನಲ್ಲಿ ಇಟ್ಟರು. ನನಗೆ ಬಾಳೆಹಣ್ಣು. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆ ಮುಟ್ಟಿದ ದಿನ ನಮ್ಮಮ್ಮ ಸ್ನಾನ ಮಾಡದೆ ಅಡುಗೆಮನೆಗೆ ಬಿಡುತ್ತಿರಲಿಲ್ಲ, ಅದು ಶಮೀಮಕ್ಕನಿಗೆ ಗೊತ್ತು. ಸರ್ ಟ್ರೇಗೆ ಸೀಟಿನ ಬೆಲ್ಟ್ ಹಾಕುತ್ತಾ, "ಮೊಮ್ಮಗಳು ಬಂದವ್ಳೆ, ಅವ್ಳಿಗಾಯ್ತು" ಅಂದರು.

ಎರಡು ದಿನಕ್ಕೆ ಲ್ಯಾಬ್ ರಿಪೋರ್ಟ್ ಬಂತು. ಸೀಸ. ಸ್ವಲ್ಪವಲ್ಲ.

ಸರ್‌ಗೆ ಫೋನ್ ಮಾಡಿದೆ. "ಇನ್ನೂ ಒಳ್ಳೇದಾಯ್ತಲ್ಲಮ್ಮ, ಸೀಸವನ್ನೇ ಗೆದ್ದಿದೀವಿ" ಅಂದರು.

"ಎಲ್ಲಿಂದ ಬಂತು ಸರ್ ಅದು? ಬರೋದು ನಿಂತಿದೆಯಾ?"

"ಕೋಳಿ ಹುಷಾರಾಗಿವೆ ತಾನೆ? ಅಂದ್ಮೇಲೆ ನಿಂತಿದೆ."

ಈ ವಾಕ್ಯವನ್ನು ಹೊಸಬರು ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟುಕೊಳ್ಳಿ. ಕೋಳಿ ಹುಷಾರಾಗಿದೆ, ಅಂದ್ಮೇಲೆ ವಿಷ ನಿಂತಿದೆ. ಯಾವುದೇ ಸ್ಪರ್ಧೆಯಲ್ಲಿ ಎದುರಾಳಿ ಹೀಗೆ ಹೇಳಿದ್ದರೆ ನಾನು ಕುಣಿದಾಡುತ್ತಿದ್ದೆ. ಆದರೆ ಮೂರು ವಾರ ನಾನೂ ಇದನ್ನೇ ನಂಬಿಕೊಂಡಿದ್ದೆ. ಹಿತ್ತಲನ್ನು ಸುತ್ತಿ ನೋಡಿರಲಿಲ್ಲ, ಒಂದು ಪ್ರಶ್ನೆ ಕೇಳಿರಲಿಲ್ಲ. ಕೋಳಿ ಕಾಯಿಲೆ ಬಿದ್ದಾಗ ಅಷ್ಟು ಓಡಾಡಿದವಳ ಬಾಯನ್ನು ಕೋಳಿ ಹುಷಾರಾದದ್ದೇ ಮುಚ್ಚಿಸಿತ್ತು.

ಮಾರನೇ ದಿನ ಭಾನುವಾರ. ಗುಬ್ಬಿಗೆ ಹೋಗಿ ಶಮೀಮಕ್ಕನಿಗೆ ವಿಷಯ ಹೇಳಿದೆ. ನನಗೊಂದು ಕೋಳಿ ಬೇಕು, ಕೊಯ್ದು ನೋಡಬೇಕು, ಅದೂ ಚೆನ್ನಾಗಿ ಮೊಟ್ಟೆ ಇಡುತ್ತಿರುವುದೇ ಆಗಬೇಕು ಅಂದೆ.

"ಸಾಯೋವಾಗ ಕೇಳಿದ್ರೆ ನಾಲ್ಕು ಕೊಡ್ತಿದ್ದೆ. ಬದುಕಿಸ್ಬಿಟ್ಟು ಈಗ ಕೊಯ್ತೀನಿ ಅಂತೀರಲ್ಲ ಮೇಡಂ, ಇದ್ಯಾವ ಡಾಕ್ಟ್ರಿಕೆ?"

"ಕಾಯಿಲೆ ಇರೋದು ತಾನೇ ಹೇಳುತ್ತೆ ಅಕ್ಕ. ಚೆನ್ನಾಗಿರೋದು ಹೇಳಲ್ಲ. ನಾವೇ ಕೇಳಬೇಕು."

ಅವರು ಹಿತ್ತಲಿಗೆ ಇಳಿದು ಒಂದೊಂದೇ ಕೋಳಿ ಎತ್ತಿ ನೋಡಿ ಬಿಟ್ಟರು. ಕೊನೆಗೆ ಒಂದು ಕಪ್ಪು ಕೋಳಿ ಹಿಡಿದು ನಯಾಜನ ಕೈಗೆ ಕೊಟ್ಟು, ತಾವು ಮುಖ ತಿರುಗಿಸಿದರು. ಅವನು ಬಿಸ್ಮಿಲ್ಲಾ ಅಂದು ಹಲಾಲ್ ಮಾಡಿದ. ನಾನು ಒಳಗಿನ ಗಿಜರ್ಡ್ ತೆಗೆದೆ. ಕೋಳಿಗೆ ಹಲ್ಲಿಲ್ಲವಲ್ಲ, ನುಂಗಿದ ಕಲ್ಲಿನ ಚೂರುಗಳಿಂದ ಕಾಳು ಅರೆಯುವ ಗಟ್ಟಿ ಮಾಂಸದ ಚೀಲ ಅದು. ಅದನ್ನು ಸೀಳಿ ಒಳಗಿದ್ದದ್ದನ್ನೆಲ್ಲ ಸ್ಟೀಲ್ ತಟ್ಟೆಗೆ ಸುರಿದು ಕಡ್ಡಿಯಿಂದ ಕೆದಕುತ್ತಿದ್ದೆ. ಮೇವು, ಮರಳು, ಹುಲ್ಲು, ಎಲ್ಲ ಕಲಸಿಕೊಂಡು ಏನೂ ಕಾಣಿಸಲಿಲ್ಲ.

"ಹಂಗಲ್ಲ, ಕೊಡಿ ಇಲ್ಲಿ" ಅಂತ ಶಮೀಮಕ್ಕ ತಟ್ಟೆ ಕಿತ್ತುಕೊಂಡರು. ಅಕ್ಕಿಯಲ್ಲಿ ಕಲ್ಲು ಬೇರೆ ಮಾಡುವ ಹಾಗೆ ನೀರು ಹಾಕಿ ತಟ್ಟೆಯನ್ನು ಮೆಲ್ಲಗೆ ಆಡಿಸುತ್ತಾ, ಮೇಲೆ ತೇಲಿದ್ದನ್ನು ಚೆಲ್ಲುತ್ತಾ ಹೋದರು. ಮೇವು ಹೋಯಿತು, ಆಮೇಲೆ ಮರಳು ಹೋಯಿತು. ತಟ್ಟೆಯ ತಳದಲ್ಲಿ ಸಾಸಿವೆಗಿಂತ ಸಣ್ಣ, ಬೂದು ಬಣ್ಣದ ಒಂಬತ್ತೋ ಹತ್ತೋ ಕಾಳು ಉಳಿದವು. ತಟ್ಟೆ ಎಷ್ಟು ಆಡಿಸಿದರೂ ಅಲುಗಾಡಲಿಲ್ಲ. ಅಷ್ಟು ಭಾರ.

ನಯಾಜ್ ಬಗ್ಗಿ ಒಂದನ್ನು ಎತ್ತಿಕೊಂಡು ಹೆಬ್ಬೆರಳ ಉಗುರಿನಿಂದ ಗೀರಿದ. ಗೀರಿದ ಕಡೆ ಹೊಳೆಯಿತು.

"ಇದು ನಮ್ ವರ್ಕ್‌ಶಾಪ್ ಶೆಡ್ಡಿನದು ಮೇಡಂ."

ಅವನ ವರ್ಕ್‌ಶಾಪಿನಲ್ಲಿ ಹಳೇ ಬ್ಯಾಟರಿಯ ಸೀಸದ ಪ್ಲೇಟು ಕರಗಿಸಿ, ವೈರು ಸಿಕ್ಕಿಸುವ ಟರ್ಮಿನಲ್ ಎರಕ ಹೊಯ್ಯುತ್ತಿದ್ದರು. "ಇಲ್ಲಿಗೆ ಹೇಗೆ ಬಂತು?" ಅಂದೆ. ಶಮೀಮಕ್ಕ ಹಿತ್ತಲ ಮೂಲೆಯ ಕಡೆ ಕೈ ತೋರಿಸಿದರು. ಅಲ್ಲಿ ಬೂದಿ ತುಂಬಿದ ಗುಂಡಿ ಇತ್ತು, ಐದಾರು ಕೋಳಿ ಅದರಲ್ಲಿ ಹೊರಳಾಡುತ್ತಿದ್ದವು.

ನಾಟಿ ಕೋಳಿ ಸಾಕಿದವರಿಗೆಲ್ಲ ಇದು ಗೊತ್ತು. ಬೂದಿಯಲ್ಲಿ ಹೊರಳಿದರೆ ಪುಕ್ಕದ ಹೇನು ಹೋಗುತ್ತೆ. ಹೊರಳುತ್ತಾ ಹೊರಳುತ್ತಾ ಕೋಳಿ ಅಲ್ಲೇ ಕುಕ್ಕುತ್ತೆ, ಗಟ್ಟಿ ಚೂರು ಸಿಕ್ಕರೆ ನುಂಗುತ್ತೆ, ಮೈಗಂಟಿದ ಬೂದಿಯನ್ನು ಕೊಕ್ಕಿನಿಂದ ತೆಗೆಯುತ್ತೆ. ನಾನೇ ಎಷ್ಟು ಕಡೆ "ಬೂದಿ ಗುಂಡಿ ಮಾಡಿ" ಅಂತ ಸಲಹೆ ಕೊಟ್ಟಿದ್ದೇನೆ!

"ಗ್ಯಾಸ್ ಬಂದ್ಮೇಲೆ ಯಾರ ಮನೇಲಿ ಬೂದಿ ಅದೆ ಮೇಡಂ?" ಅಂದರು ಶಮೀಮಕ್ಕ, ಯಾರನ್ನೂ ನೋಡದೆ. "ಇವನ ಶೆಡ್ಡಲ್ಲಿ ಒಲೆ ಬೂದಿ ಸುಮ್ನೆ ಬಿಸಾಕ್ತಾರೆ ಅಂದ. ತಗೊಂಡ್ ಬಾರೋ ಅಂದೆ. ನಾನೇ ಅಂದಿದ್ದು."

ಸೀಸ ಕರಗಿಸುವಾಗ ಚಿಮ್ಮಿದ ಹನಿಗಳೂ ಆ ಬೂದಿಯಲ್ಲೇ ಇದ್ದವು. ಶುಕ್ರವಾರಕ್ಕೊಂದು ಚೀಲ. ಹೋದ ಶುಕ್ರವಾರವೂ ಬಂದಿತ್ತು. ಅದರ ಹಿಂದಿನ ಶುಕ್ರವಾರವೂ.

ಆಗ ನನ್ನ ತಲೆಯಲ್ಲಿ ಬೂದಿಯ ಲೆಕ್ಕವೂ ಪುಡಿಯ ಲೆಕ್ಕವೂ ಒಂದಕ್ಕೊಂದು ಸೇರಿದವು. ಪುಡಿ ಕೊಟ್ಟ ಮೂರು ವಾರವೂ ಕೋಳಿಗಳು ಸೀಸ ತಿನ್ನುತ್ತಲೇ ಇದ್ದವು. ತಿನ್ನುತ್ತಲೇ ಎದ್ದು ನಿಂತವು, ತಿನ್ನುತ್ತಲೇ ಮೊಟ್ಟೆ ಇಟ್ಟವು. ಪುಡಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ. ಆದರೆ ಕಾಯಿಲೆ ಬಿದ್ದ ಕೋಳಿ ಮೊಟ್ಟೆ ಇಡುವುದಿಲ್ಲ. ನಾವು ಎಬ್ಬಿಸದಿದ್ದರೆ ಆ ಸೀಸ ಕೋಳಿಯಲ್ಲೇ ನಿಲ್ಲುತ್ತಿತ್ತು. ನಾವು ಎಬ್ಬಿಸಿ ಅದಕ್ಕೊಂದು ದಾರಿ ಮಾಡಿಕೊಟ್ಟೆವು, ದಿನಾ ಬೆಳಿಗ್ಗೆ, ಕೇಸರಿ ಬಣ್ಣದ ಹಳದಿಯ ಜೊತೆ.

ರುಬೀನಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಹಂಗಾದ್ರೆ ನಾನ್ ತಿಂದಿದ್ದು?" ಅಂದಳು.

ಶಮೀಮಕ್ಕ ತಟ್ಟೆ ಕೆಳಗಿಟ್ಟು ಅವಳನ್ನು ಹತ್ತಿರ ಕೂರಿಸಿಕೊಂಡರು.

ಮೊಟ್ಟೆಗಳನ್ನು ಲ್ಯಾಬಿಗೆ ಕಳಿಸಬೇಕು, ಉತ್ತರ ಬರಲು ಹತ್ತು ದಿನ ಬೇಕು. ಅಲ್ಲಿಯವರೆಗೆ? ಸಾಕ್ಷಿ ಇಲ್ಲದೆ ಮಾತಾಡಬಾರದು ಅನ್ನುವುದು ನನಗೆ ಮೈಗಂಟಿದ ಪಾಠ. ಶಮೀಮಕ್ಕ ಕೂತಲ್ಲೇ ಅದನ್ನು ಬಿಡಿಸಿ ಎಸೆದರು.

"ಮೊಟ್ಟೇಲಿ ಸೀಸ ಅದೆ ಅಂತ ಗ್ಯಾರಂಟಿನಾ?"

"ಇಲ್ಲ ಅಕ್ಕ. ಇರಬಹುದು."

"ನಿಮ್ ಮನೇವ್ರಿಗಾದ್ರೆ ಕೊಡ್ತಿದ್ರಾ?"

"ನಮ್ಮನೇಲಿ ಮೊಟ್ಟೆ ತಿನ್ನಲ್ಲ."

"ಅದು ಉತ್ರ ಅಲ್ಲ ಮೇಡಂ. ಕೊಡ್ತಿದ್ರಾ?"

"ಕೊಡ್ತಿರ್ಲಿಲ್ಲ."

"ಆಯ್ತು ಬುಡಿ ಹಂಗಾದ್ರೆ." ಅಷ್ಟೇ. ಎದ್ದು, ಮನೆಯಲ್ಲಿದ್ದ ಮೊಟ್ಟೆಯನ್ನೆಲ್ಲ ಒಂದು ಬಕೆಟ್ಟಿಗೆ ಹಾಕಿದರು. ಅದರಲ್ಲಿ ಲ್ಯಾಬಿಗೆ ಬೇಕಾದಷ್ಟು ನನಗೆ ಎತ್ತಿಕೊಟ್ಟರು. ಉಳಿದದ್ದನ್ನು ನಯಾಜ್ ತೋಡಿದ ಗುಂಡಿಯಲ್ಲಿ ಹೂತರು. ಆಮೇಲೆ ಬುರ್ಖಾ ಹಾಕಿಕೊಂಡು, ಮೊಟ್ಟೆ ಕೊಟ್ಟ ಮನೆ ಮನೆಗೂ ನಡೆದರು. ನಾನೂ ಜೊತೆಗೆ ಹೋದೆ. ಪ್ರತಿ ಬಾಗಿಲಲ್ಲೂ ಒಂದೇ ಮಾತು: "ನನ್ ಮೊಟ್ಟೆ ತಿನ್ಬೇಡಿ. ಉಳಿದಿದ್ರೆ ಕೊಡಿ. ಕೋಳಿಗೆ ಏನೋ ಆಗದೆ." ಒಂದು ಮನೆಯಲ್ಲಿ ಅಜ್ಜಿ, "ಏ, ಕೋಳಿ ಚೆನ್ನಾಗವೆ ಕಣೇ, ನೆನ್ನೆ ತಾನೆ ನೋಡಿದ್ನಲ್ಲ, ನಿಂಗ್ಯಾಕೆ ಹುಚ್ಚು?" ಅಂದರು. ಹೌದು, ಕೋಳಿ ಚೆನ್ನಾಗಿದ್ದವು. ಎಲ್ಲರ ಕಣ್ಣಿಗೂ ಚೆನ್ನಾಗಿದ್ದವು.

ಆ ಬೀದಿಯಲ್ಲೇ ನಿಂತು ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನೀವು ತಗೊಂಡು ಹೋದ ಟ್ರೇ..." ಅಂದೆ.

"ಅದು ನಾನು ನೋಡ್ಕೋತೀನಿ ಬಿಡು" ಅಂದರು. ಫೋನ್ ಇಟ್ಟರು.

ಸೋಮವಾರ ಆಫೀಸಿನಲ್ಲಿ ನನಗೂ ಅವರಿಗೂ ನಡೆದ ಮಾತನ್ನು ಅವರ ಕಡೆಯಿಂದ ನ್ಯಾಯವಾಗಿಯೇ ಹೇಳುತ್ತೇನೆ. ಪುಡಿ ಕೊಡದಿದ್ದರೆ ಇನ್ನೂರ ನಲವತ್ತು ಕೋಳಿಯೂ ಸಾಯುತ್ತಿದ್ದವು ಅಂದರು. ನಿಜ. ನಾವು ಕೋಳಿ ಡಾಕ್ಟರು, ಮನುಷ್ಯರ ಡಾಕ್ಟರಲ್ಲ ಅಂದರು. ಅದೂ ನಿಜ. ಮೊಟ್ಟೆಯ ವಿಷಯ ಬರೆದರೆ ನಾಳೆ ಜನ ಪುಡಿಯಿಂದಲೇ ಸೀಸ ಬಂತು ಅಂತಾರೆ, ಒಳ್ಳೆ ಪದಾರ್ಥಕ್ಕೆ ಕೆಟ್ಟ ಹೆಸರು ಬರುತ್ತೆ ಅಂದರು. ಹಾಗೆ ಅನ್ನುವವರು ಇರುತ್ತಾರೆ, ಒಪ್ಪಿದೆ. ಕೊನೆಗೆ ನಗುತ್ತಾ ಒಂದು ಮಾತು ಸೇರಿಸಿದರು: "ನೀನಂತೂ ಮೊಟ್ಟೆ ತಿನ್ನಲ್ಲ. ನಿಂಗ್ಯಾಕಮ್ಮ ಇಷ್ಟು ಸಂಕಟ?"

"ಮೊಟ್ಟೆ ತಿನ್ನದವಳಿಗೂ ಗೊತ್ತಾಗ್ತಿದೆ ಅಂದ್ರೆ, ತಿನ್ನೋರಿಗೆ ಇನ್ನೆಷ್ಟು ಬೇಗ ಗೊತ್ತಾಗಬೇಕಿತ್ತು ಸರ್" ಅಂದೆ. ಅವರು ನಗಲಿಲ್ಲ. ನಾನು ವರದಿಯಲ್ಲಿ ಮೊಟ್ಟೆಯ ಬಗ್ಗೆ ಒಂದು ಪೂರ್ತಿ ಪುಟ ಬರೆದೆ. ಆ ಪುಟ ಫೈಲಿನಲ್ಲಿ ಈಗಲೂ ಇರಬೇಕು. ತರಬೇತಿಯ ಸ್ಲೈಡಿನಲ್ಲಿ ಇಲ್ಲ.

ಮೊಟ್ಟೆಯ ರಿಪೋರ್ಟ್ ಬಂತು. ತಿನ್ನುವ ಪದಾರ್ಥದಲ್ಲಿ ಇರಬಾರದಷ್ಟು ಸೀಸ ಇತ್ತು. ರುಬೀನಾಳ ರಕ್ತ ಪರೀಕ್ಷೆಗೆ ಬೆಂಗಳೂರಿಗೆ ನಾನೇ ಕರೆದುಕೊಂಡು ಹೋದೆ. ಅವಳ ರಕ್ತದಲ್ಲೂ ಇರಬೇಕಾದ್ದಕ್ಕಿಂತ ಜಾಸ್ತಿ. ಡಾಕ್ಟರು ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಬರೆದರು. ಮುಖ್ಯವಾದ ಔಷಧಿ ಆಗಲೇ ಆಗಿದೆ, ತಿನ್ನೋದು ನಿಲ್ಲಿಸಿದ್ದೀರಲ್ಲ ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ರುಬೀನಾ ತುಮಕೂರಿನವರೆಗೂ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಇಳಿಯುವಾಗ, "ಮೇಡಂ, ಆ ಪುಡಿ ನಾನೂ ತಿಂದ್ರೆ?" ಅಂದಳು. ಗೊತ್ತಿಲ್ಲ ಅಂದೆ. ಹನ್ನೊಂದು ವರ್ಷದಲ್ಲಿ ನಾನು ಹೇಳಿದ ಅತ್ಯಂತ ಕಷ್ಟದ ಮಾತು ಅದು. ಒಂದು ಕಾಲದ ಡಿಬೇಟು ಆಗಿದ್ದರೆ ಹತ್ತು ಕಾರಣ ಕೊಡುತ್ತಿದ್ದಳು.

ಸೀಸ ಕೋಳಿಯ ಮೂಳೆಯಲ್ಲಿ ಕೂತುಬಿಡುತ್ತೆ, ಬೂದಿ ನಿಲ್ಲಿಸಿದರೂ ಅಲ್ಲಿಂದ ಮೊಟ್ಟೆಗೆ ಬರುತ್ತಲೇ ಇರುತ್ತೆ. ಎರಡು ಸಲ ಮತ್ತೆ ಪರೀಕ್ಷೆ ಮಾಡಿಸಿದೆವು, ಎರಡು ಸಲವೂ ಇತ್ತು. ಆಮೇಲೆ ಶಮೀಮಕ್ಕ ಇನ್ನು ಸಾಕು ಅಂದರು. ಯಾರಿಗೂ ಮಾಂಸಕ್ಕೂ ಕೊಡದೆ ಎಲ್ಲ ಕೋಳಿಗಳನ್ನೂ ಹೂಳಿಸಿದರು. ಕುಕ್ಕುತ್ತಿದ್ದ ಕೆಂಪು ಕೋಳಿಯನ್ನೂ. ಹಿತ್ತಲ ಮೇಲ್ಮಣ್ಣು ಕೆರೆಸಿ, ಹೊಸ ಮಣ್ಣು ಹಾಕಿಸಿ, ಮರು ವರ್ಷ ಮರಿಯಿಂದ ಶುರು ಮಾಡಿದರು. ಮರಿ ಬಂದದ್ದು ಕುಣಿಗಲ್ಲಿನ ರಂಗಸ್ವಾಮಿಯವರ ಹತ್ತಿರದಿಂದ. ಬೂದಿ ಈಗ ಮದುವೆ ಅಡುಗೆಯ ಸೌದೆ ಒಲೆಯಿಂದ ಬರುತ್ತೆ. ನಯಾಜ್ ಆ ಕೆಲಸ ಬಿಟ್ಟು ಕೋರ ಊರಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಅವನ ರಕ್ತದಲ್ಲಿ ಇದ್ದದ್ದು ಎಲ್ಲರಿಗಿಂತ ಜಾಸ್ತಿ, ಅದು ಬೇರೆಯೇ ಕಥೆ.

ಆ ಕೇಸಾದ ಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ವಿಷ ಅನ್ನಿಸಿದ ಕಡೆ ಪುಡಿ ಕೊಟ್ಟ ದಿನವೇ ಮೊಟ್ಟೆ ಮಾರುವುದನ್ನು ನಿಲ್ಲಿಸಿ ಅನ್ನುತ್ತಿದ್ದೆ. ಹುಷಾರಾದ ಮೇಲೂ ಒಂದು ಕೋಳಿ, ಒಂದು ಮೊಟ್ಟೆ ಲ್ಯಾಬಿಗೆ ಕಳಿಸುತ್ತಿದ್ದೆ. ಬೂದಿ ಎಲ್ಲಿಂದ, ಮರಳು ಎಲ್ಲಿಂದ, ಮನೆಯವರು ಎಲ್ಲಿ ಏನು ಕೆಲಸ ಮಾಡುತ್ತಾರೆ ಅಂತ ಕೇಳದೆ ಡಬ್ಬ ತೆಗೆಯುತ್ತಿರಲಿಲ್ಲ. "ಹೆಣ್ಣು ನೋಡಕ್ ಬಂದಿದೀರಾ ಮೇಡಂ?" ಅಂತ ಜನ ರೇಗಿಸಿದ್ದಾರೆ. ರೇಗಿಸಲಿ. ನಿಮ್ಮನ್ನೂ ರೇಗಿಸುತ್ತಾರೆ, ಕೇಳುವುದನ್ನು ಬಿಡಬೇಡಿ. ಪುಡಿಯನ್ನೂ ಬಿಡಬೇಡಿ, ಅದು ಒಳ್ಳೆಯದು. ಅದು ಕೋಳಿಯನ್ನು ಕಾಯುತ್ತೆ. ಕೋಳಿಯ ಆಚೆ ಇರುವವರನ್ನು ಕಾಯುವುದು ನಿಮ್ಮ ಕೆಲಸ.

ರುಬೀನಾಗೆ ಹೆಣ್ಣು ಮಗು ಹುಟ್ಟಿತು. ಹೇಗಿದ್ದಾಳೆ ಅಂದರೆ ಎಲ್ಲರೂ ಚೆನ್ನಾಗಿದ್ದಾಳೆ ಅನ್ನುತ್ತಾರೆ. ಡಾಕ್ಟರು, ಸ್ಕೂಲಿಗೆ ಹೋಗುವವರೆಗೂ ಮಾತು, ಕಲಿಕೆ ನೋಡ್ತಾ ಇರಿ ಅಂದಿದ್ದಾರೆ. ಈಗ ನಾಲ್ಕು ವರ್ಷ. ಹೋದ ತಿಂಗಳು ಗುಬ್ಬಿಗೆ ಹೋಗಿದ್ದೆ, ಕೋಳಿಗಳಿರುವ ಹಿತ್ತಲ ಕಡೆ ಹೋಗದೆ ಜಗಲಿಯಲ್ಲೇ ಕೂತಿದ್ದೆ. ಮಗು ನನ್ನ ಮಾಸ್ಕ್ ಎಳೆದು, ಯಾಕೆ ಹಾಕ್ಕೊಂಡಿದೀಯ, ಮೂಗು ಇಲ್ವಾ, ತೋರ್ಸು ಅಂತ ಒಂದೇ ಸಮನೆ ಕೇಳಿದಳು. "ನಿಮ್ ಥರನೇ ವಾದ ಇವ್ಳದು" ಅಂದರು ಶಮೀಮಕ್ಕ. ನಾನು ನಕ್ಕೆ. ನಗುತ್ತಲೇ ಅವಳ ಒಂದೊಂದು ಮಾತನ್ನೂ ತೂಗಿ ನೋಡುತ್ತಿದ್ದೆ. ಚೆನ್ನಾಗಿದ್ದಾಳೆ ಅನ್ನುವ ಮಾತನ್ನು ನಾನು ಇನ್ನು ಸುಲಭಕ್ಕೆ ನಂಬಲಾರೆ.

ನನ್ನ ಬೀಳ್ಕೊಡುಗೆಯ ದಿನ ಗಂಗಾಧರಯ್ಯ ಸರ್ ಬಂದಿದ್ದರು. ಅವರು ನಿವೃತ್ತರಾಗಿ ಎರಡು ವರ್ಷವಾಗಿದೆ, ಆದರೂ ಹೊಸಬರಿಗೆ ಪಾಠ ಹೇಳಲು ಕಂಪನಿ ಈಗಲೂ ಕರೆಯುತ್ತೆ. ನನ್ನ ಗೌರವಕ್ಕೆ ಅಂತ ಗುಬ್ಬಿಯ ಕಥೆಯನ್ನೇ ಹೇಳಿದರು. ಎರಡು ಫೋಟೋ ತೋರಿಸಿದರು. ಚಪ್ಪಾಳೆ ಬಿತ್ತು. "ಯಾರಿಗಾದ್ರೂ ಪ್ರಶ್ನೆ?" ಅಂದರು. ನಾನು ಕೈ ಎತ್ತಿದೆ. "ಗೊತ್ತಿತ್ತು ಕಣಮ್ಮ ಡಿಬೇಟು!" ಅಂತ ಅವರು ನಕ್ಕರು, ಎಲ್ಲರೂ ನಕ್ಕರು. ನಾನು ಆ ಟ್ರೇಯ ಬಗ್ಗೆ ಕೇಳಿದೆ. ಸರ್ ಪರದೆಯ ಮೇಲಿದ್ದ ಫೋಟೋದ ಕಡೆ ತಿರುಗಿದರು. ಅಷ್ಟರಲ್ಲಿ ಯಾರೋ ಟೀ ಬಂತು ಅಂದರು, ದೀಪ ಹಾಕಿದರು.

ಅವತ್ತು ಉತ್ತರ ಸಿಗಲಿಲ್ಲ. ಅವರನ್ನು ಸೋಲಿಸಬೇಕು ಅಂತ ಕೇಳಿದ್ದಲ್ಲ. ಆ ಮೊಟ್ಟೆ ತಿನ್ನುವಂಥದ್ದಲ್ಲ ಅಂತ, ಕಥೆಯನ್ನು ಎರಡನೇ ಫೋಟೋಗೇ ನಿಲ್ಲಿಸುತ್ತಾ ಬಂದ ಅವರಿಗೆ ಆ ಭಾನುವಾರವೇ ಗೊತ್ತಾಗಿತ್ತೋ ಇಲ್ಲವೋ ಅನ್ನುವುದು ನನಗೆ ತಿಳಿಯಬೇಕು, ಆ ಕಥೆಯನ್ನು ಇನ್ನು ಮುಂದೆ ಹೇಳುವ ಹೊಸಬರಿಗೂ ತಿಳಿಯಬೇಕು. ಅದಕ್ಕೇ ಇಲ್ಲಿ ಬರೆದು ಇನ್ನೊಂದು ಸಲ ಕೇಳುತ್ತಿದ್ದೇನೆ.

ಸರ್, ಆ ಭಾನುವಾರ ನಾನು ಫೋನ್ ಮಾಡಿದಾಗ ನಿಮ್ಮ ಮನೆಯಲ್ಲಿ ಇನ್ನೂ ಅರ್ಧ ಟ್ರೇಯಾದರೂ ಇದ್ದಿರಬೇಕು. ಆಮೇಲೆ ಆ ಮೊಟ್ಟೆಗಳನ್ನು ನಿಮ್ಮ ಮೊಮ್ಮಗಳಿಗೆ ಕೊಟ್ಟಿರಾ?